ಮುಚ್ಚಿದ ಬಾಗಿಲಿನ ಹಿಂದೆ

2011ರ ಜುಲೈ 22ರಂದು ನಾರ್ವೆಯಲ್ಲಿ 77 ಜನರನ್ನು ಕೊಂದವನು, 2006ರಲ್ಲಿ ತಾಯಿಯ ಮನೆಗೆ ಮರಳಿ, ತನ್ನ ಕೋಣೆಯಲ್ಲಿ ಕಂಪ್ಯೂಟರ್ ಆಟಗಳಲ್ಲೇ ಮುಳುಗಿ ಕಾಲ ಕಳೆದಿದ್ದನೆಂಬ ವಿವರ ನನ್ನನ್ನು ಬಿಡದೆ ಕಾಡುತ್ತದೆ. ಒಂಟಿತನವೊಂದೇ ಯಾರನ್ನೂ ಕೊಲೆಗಾರನನ್ನಾಗಿ ಮಾಡುವುದಿಲ್ಲ. ಒಂಟಿಯಾಗಿರುವ ಬಹುಪಾಲು ಯುವಕರು ಯಾರಿಗೂ ಕೇಡು ಬಗೆಯದೆ ಒಳಗೊಳಗೇ ನವೆಯುತ್ತಾರೆ. ಆದರೆ ಅವಮಾನವು ಹಗೆಯಾಗಿ ಹೆಪ್ಪುಗಟ್ಟಿದಾಗ, ನಿನಗೆ ಸಲ್ಲಬೇಕಾದುದನ್ನು ಇತರರು ಕಸಿದುಕೊಂಡಿದ್ದಾರೆಂದು ನಂಬಿಸುವ ಗುಂಪೊಂದು ಅಂತರ್ಜಾಲದಲ್ಲಿ ಸಿಕ್ಕರೆ, ಆ ಹಗೆಗೆ ಸಿದ್ಧಾಂತದ ವೇಷ ಬರುತ್ತದೆ. ಅಮೆರಿಕದ ಸೀಕ್ರೆಟ್ ಸರ್ವಿಸ್ 1974ರಿಂದ 2000ದವರೆಗಿನ 37 ಶಾಲಾ ದಾಳಿಗಳನ್ನು ಪರಿಶೀಲಿಸಿದಾಗ, ಶೇ. 81ರಷ್ಟು ಪ್ರಕರಣಗಳಲ್ಲಿ ದಾಳಿಯ ಯೋಚನೆ ಕನಿಷ್ಠ ಒಬ್ಬರಿಗಾದರೂ ಮೊದಲೇ ತಿಳಿದಿತ್ತು. ತಿಳಿದಿದ್ದವರು ಹೆಚ್ಚಾಗಿ ಗೆಳೆಯರು, ಸಹಪಾಠಿಗಳು. ಅವರು ಅದನ್ನು ಹಿರಿಯರ ಕಿವಿಗೆ ಹಾಕಿದ್ದು ಬಹಳ ಅಪರೂಪ.