ಮುಕ್ಕಾಲು ಅಂದ್ರೆ ಮೂರು ಕಾಲಾ?

ಅಕ್ಕನ ಮಗಳಿಗೆ ಗಡಿಯಾರ ನೋಡೋದು ಹೇಳಿಕೊಡುತ್ತಿದ್ದೆ. ದೊಡ್ಡ ಮುಳ್ಳು ಮೂರರ ಮೇಲೆ ಬಂದಾಗ ‘ಐದೂ ಕಾಲು’ ಅಂದೆ. ಒಂಬತ್ತಕ್ಕೆ ತಿರುಗಿಸಿ ‘ಐದೂ ಮುಕ್ಕಾಲು’ ಅಂದೆ. ಅವಳು ಮುಳ್ಳು ಬಿಟ್ಟು ನನ್ನ ಮುಖ ನೋಡಿದಳು. ‘ಚಿಕ್ಕಮ್ಮ, ಮುಕ್ಕಾಲು ಅಂದ್ರೆ ಮೂರು ಕಾಲಾ? ಯಾರ ಕಾಲು?’

ಎಂಥಾ ಒಳ್ಳೆಯ ಪ್ರಶ್ನೆ! ಗಡಿಯಾರ ಪಕ್ಕಕ್ಕಿಟ್ಟೆವು. ಒಂದು ಹಸುವಿನ ಚಿತ್ರ ಬರೆ ಅಂದೆ. ಬರೆದಳು. ಕಾಲು ಎಷ್ಟು? ನಾಲ್ಕು. ಹಾಗಾದರೆ ಒಂದು ಕಾಲು ನಾಲ್ಕರಲ್ಲಿ ಒಂದು ಪಾಲು, ಅಲ್ವಾ? ಮೂರು ಸೇರಿದರೆ ಮುಕ್ಕಾಲು. ಅವಳು ಅಷ್ಟಕ್ಕೇ ಬಿಡಲಿಲ್ಲ. ಹಸುವಿನ ಮಂಡಿಯ ಹತ್ತಿರ ಗೆರೆ ಎಳೆದು ‘ಇದು ಅರ್ಧ ಕಾಲು’ ಅಂದಳು. ಅದಕ್ಕೂ ಹೆಸರಿದೆ: ಅರೆಕಾಲು, ಎಂಟರಲ್ಲಿ ಒಂದು ಪಾಲು.

ತಮಿಳು, ಮಲಯಾಳದಲ್ಲೂ ನಾಲ್ಕನೇ ಒಂದು ಭಾಗಕ್ಕೆ ‘ಕಾಲ್’ ಅಂತಲೇ ಹೇಳುತ್ತಾರೆ. ಸಂಸ್ಕೃತದ ‘ಪಾದ’ಕ್ಕೂ ಎರಡೂ ಅರ್ಥ ಇದೆ. ಸೇರಿನ ಕಾಲು ಭಾಗವಾದ ‘ಪಾವು’ ಅದರಿಂದಲೇ ಬಂದದ್ದು. ಶ್ಲೋಕಕ್ಕೆ ನಾಲ್ಕು ಪಾದ. ಅನುಷ್ಟುಪ್ಪಿನಲ್ಲಿ ಒಂದೊಂದು ಪಾದಕ್ಕೆ 8 ಅಕ್ಷರ, ಒಟ್ಟು 32.

ನನಗೆ ತುಂಬಾ ಇಷ್ಟವಾಗೋದು ಇದರ ಮುಂದಿನ ಕಥೆ. ಪಾದ ಅಂದರೆ ಪದ್ಯದ ಸಾಲು ಅನ್ನೋದು ರೂಢಿಯಾದ ಮೇಲೆ ನಾಲ್ಕರ ಹಂಗೇ ಉಳಿಯಲಿಲ್ಲ. ಸರ್ವಜ್ಞನ ತ್ರಿಪದಿಗೆ ಮೂರು ಪಾದ. ಕುಮಾರವ್ಯಾಸನ ಭಾಮಿನಿ ಷಟ್ಪದಿಗೆ ಆರು. ಆರು ಕಾಲಿನ ದುಂಬಿಗೂ ಷಟ್ಪದ ಅಂತಲೇ ಹೆಸರು. ಇದನ್ನು ಕೇಳಿ ಅವಳು ಹಸುವಿನ ಬೆನ್ನ ಮೇಲೆ ಒಂದು ದುಂಬಿ ಕೂರಿಸಿದಳು. ಕಾಲು ಆರೂ ಸರಿಯಾಗಿ ಎಣಿಸಿ ಬರೆದಿದ್ದಳು.

ಆಮೇಲೆ ಕಾಲುದಾರಿ, ಕಾಲಾಳು, ಕಾಲ್ಗುಣ ಎಲ್ಲಾ ಬಂದವು. ‘ಕಾಲಿಗೆ ಬುದ್ಧಿ ಹೇಳಿದ’ ಅಂದರೆ ಓಡಿಹೋದ ಅಂತ ತಿಳಿದಾಗ ಬಿದ್ದು ಬಿದ್ದು ನಕ್ಕಳು. ಕಾಲು ಕೆರೆದು ಜಗಳಕ್ಕೆ ಬರೋದು ಏನು ಅಂತ ಗೂಳಿಯನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಮೇಜಿಗೂ ಕಾಲಿದೆ ಅಂತ ಅವಳೇ ನೆನಪಿಸಿದಳು. ಆಗ ಟೀಪಾಯಿಯ ಮಾತು ಬಂತು. ಟೀ ಇಡೋದಕ್ಕೆ ಟೀಪಾಯಿ ಅಂದುಕೊಂಡವರೇ ಜಾಸ್ತಿ. ಅದು ಹಿಂದಿಯ ‘ತಿಪಾಯಿ’, ಮೂರು ಕಾಲಿನದು. ಅದರೊಳಗಿರೋದು ಪಾರಸಿಯ ‘ಪಾಯ’, ಅಂದರೆ ಕಾಲು. ಪೈಜಾಮದ ‘ಪೈ’ ಕೂಡ ಕಾಲೇ. ನಮ್ಮ ‘ಅಡಿಪಾಯ’ದಲ್ಲಂತೂ ಅಡಿ ಕನ್ನಡದ್ದು, ಪಾಯ ಪಾರಸಿಯದು, ಎರಡೂ ಪಾದವೇ.