ಪ್ಲೈ ನಂಬರ್ ನೋಡಿ ಉಲ್ಲನ್ ಕೊಳ್ಳಬೇಡಿ

"ನಾಲ್ಕು ಪ್ಲೈ ಉಲ್ಲನ್ ಕೊಡಿ, ಎಂಟನೇ ನಂಬರ್ ಕಡ್ಡಿ ಕೊಡಿ." ಹೊಸದಾಗಿ ಹೆಣೆಯಲು ಕಲಿಯುವವರು ಅಂಗಡಿಗೆ ಬಂದು ಕೇಳುವುದು ಹೀಗೆ. ದಾರ ಎಷ್ಟು ದಪ್ಪ ಅನ್ನುವುದನ್ನು ಮೊದಲ ಅಂಕಿ ಹೇಳುವುದಿಲ್ಲ. ಎರಡನೆಯದು ಯಾವ ದೇಶದ ಲೆಕ್ಕ ಅಂತ ತಿಳಿಯದೆ ಪ್ರಯೋಜನವಿಲ್ಲ. ಉಲ್ಲನ್ ಮಾರುತ್ತ, ಹೆಣಿಗೆ ಕಲಿಸುತ್ತ ಕಂಡದ್ದೇನೆಂದರೆ, ಅರ್ಧಕ್ಕೆ ಬಿಚ್ಚಬೇಕಾಗಿ ಬರುವ ಮಫ್ಲರುಗಳಲ್ಲಿ ಬಹುಪಾಲು ಕೊಳ್ಳುವ ಹೊತ್ತಿಗೇ ಕೆಟ್ಟಿರುತ್ತವೆ.

ಪ್ಲೈ ಅಂದರೆ ಎಷ್ಟು ಎಳೆ ಸೇರಿಸಿ ಹುರಿ ಮಾಡಿದ್ದಾರೆ ಅನ್ನುವ ಲೆಕ್ಕ, ಅಷ್ಟೇ. ಎಳೆ ಸಣ್ಣದಿದ್ದರೆ ನಾಲ್ಕು ಸೇರಿದರೂ ದಾರ ತೆಳ್ಳಗೇ ಇರುತ್ತದೆ. ದಪ್ಪ ಎಳೆಯಾದರೆ ಒಂದೇ ಸಾಕು, ಹಗ್ಗದ ಹಾಗೆ ಕಾಣುತ್ತದೆ. ಬ್ರಿಟನ್ನಿನ ಪ್ಯಾಟರ್ನಿನಲ್ಲಿ (ಹೆಣೆಯುವ ಕ್ರಮ ಬರೆದ ಹಾಳೆಯಲ್ಲಿ) 4 ಪ್ಲೈ ಅಂತ ಬರೆದಿದ್ದರೆ ಅದು 3.25 ಮಿ.ಮೀ. ಕಡ್ಡಿಗೆ ಹೊಂದುವ ತೆಳು ದಾರ. ಅಮೆರಿಕದಲ್ಲಿ ಮಧ್ಯಮ ದಪ್ಪದ ಎಷ್ಟೋ ದಾರಗಳಲ್ಲೂ ಎಳೆ ನಾಲ್ಕೇ. ಆಸ್ಟ್ರೇಲಿಯಾದವರು 8 ಪ್ಲೈ ಅನ್ನುವುದು ಬ್ರಿಟನ್ನಿನವರ ಡಿಕೆ (ಡಬಲ್ ನಿಟಿಂಗ್), ಅಂದರೆ ತೆಳು ಮತ್ತು ಮಧ್ಯಮದ ನಡುವಿನ ದಪ್ಪ.

ಹಾಗಾಗಿ ಲೇಬಲ್ಲಿನಲ್ಲಿ ಹುಡುಕಬೇಕಾದ್ದು ತೂಕಕ್ಕೆ ಎಷ್ಟು ಮೀಟರ್ ಬರುತ್ತದೆ ಅನ್ನುವುದನ್ನು. 100 ಗ್ರಾಂಗೆ ಸುಮಾರು 400 ಮೀಟರ್ ಇದ್ದರೆ ತೆಳು ದಾರ. 200ರಿಂದ 300ರೊಳಗಿದ್ದರೆ ಸಾಮಾನ್ಯವಾಗಿ ಡಿಕೆ, 200ರ ಆಸುಪಾಸಿಗೆ ಇಳಿದರೆ ವರ್ಸ್ಟೆಡ್ ಅನ್ನುವ ಮಧ್ಯಮ ದಪ್ಪ, 100ರಿಂದ 130 ಇದ್ದರೆ ಚಂಕಿ ಅನ್ನುವ ದಪ್ಪ ದಾರ. ಒಂದು ತೊಡಕಿದೆ: ಹತ್ತಿ ದಾರ ಅಕ್ರಿಲಿಕ್‌ಗಿಂತ ಭಾರ. ಅಕ್ರಿಲಿಕ್ ಡಿಕೆ 290 ಮೀಟರ್ ಬಂದರೆ, ಅಷ್ಟೇ ದಪ್ಪದ ಹತ್ತಿ 200 ಮೀಟರಿಗೇ ಮುಗಿಯಬಹುದು. ನಮ್ಮಲ್ಲಿ ಎಲ್ಲವನ್ನೂ ಉಲ್ಲನ್ ಅಂತಲೇ ಕರೆಯುತ್ತೇವೆ. ಲುಧಿಯಾನದಿಂದ ಬರುವ ಉಂಡೆಗಳಲ್ಲಿ ಹೆಚ್ಚಿನವು ಅಕ್ರಿಲಿಕ್.

ಲೇಬಲ್ ಕಳೆದುಹೋಗಿದ್ದರೆ ಸ್ಕೇಲ್ ಸಾಕು. ದಾರವನ್ನು ಎಳೆಯದೆ, ಸುತ್ತುಗಳು ಒಂದಕ್ಕೊಂದು ತಾಗುವಂತೆ, ಒಂದರ ಮೇಲೊಂದು ಏರದಂತೆ ಎರಡು ಇಂಚು ಸುತ್ತಿ, ಎಣಿಸಿ, ಅರ್ಧ ಮಾಡಿ. ಇಂಚಿಗೆ 9-10 ಸುತ್ತು ಬಂದರೆ ಮಧ್ಯಮ, 12ರ ಹತ್ತಿರ ಬಂದರೆ ಡಿಕೆ, 16 ದಾಟಿದರೆ ತೆಳು. ಬಿಗಿಯಾಗಿ ಎಳೆದು ಸುತ್ತಿದರೆ ದಾರ ಸಣ್ಣಗಾಗಿ ಲೆಕ್ಕ ತಪ್ಪುತ್ತದೆ.

ಇನ್ನು ಕಡ್ಡಿಯ ನಂಬರು. ಇಲ್ಲಿ ಬೀಳುವಷ್ಟು ಜನ ಬೇರೆಲ್ಲೂ ಬೀಳುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಯ ತಲೆಯ ಮೇಲಿರುವುದು ಹಳೆಯ ಬ್ರಿಟಿಷ್ ನಂಬರು: 6 ಅಂದರೆ 5 ಮಿ.ಮೀ., 7 ಅಂದರೆ 4.5, 8 ಅಂದರೆ 4, 10 ಅಂದರೆ 3.25. ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. ಅಮೆರಿಕದ್ದು ಪೂರ್ತಿ ತಿರುಗಮುರುಗ: 6 ಅಂದರೆ 4 ಮಿ.ಮೀ., 8 ಅಂದರೆ 5, 10 ಅಂದರೆ 6. ಯೂಟ್ಯೂಬಿನ ಅಮೆರಿಕನ್ ಟೀಚರು "ಸೈಜ್ 8" ಅಂದದ್ದನ್ನು ಕೇಳಿ ಚಿಕ್ಕಪೇಟೆಯಲ್ಲಿ ಎಂಟನೇ ನಂಬರ್ ತಂದರೆ ಕೈಗೆ ಬಂದದ್ದು 5ರ ಬದಲು 4 ಮಿ.ಮೀ. ಮಧ್ಯಮ ದಾರವನ್ನು ಅದರಲ್ಲಿ ಹೆಣೆದರೆ ಕುಣಿಕೆಗಳು ಕಡ್ಡಿಗೆ ಕಚ್ಚಿಕೊಳ್ಳುತ್ತವೆ, ಎರಡನೇ ಸಾಲಿನಲ್ಲೇ ತುದಿ ಒಳಗೆ ತೂರುವುದಿಲ್ಲ, ಹೆಣೆದದ್ದು ಕಾಲೊರೆಸಿನ ಹಾಗೆ ಸೆಟೆದು ನಿಲ್ಲುತ್ತದೆ. ಕಲಿಯುವವರು ತಮ್ಮ ಕೈ ಬಿಗಿ ಅಂದುಕೊಳ್ಳುತ್ತಾರೆ. ಕೇಳುವಾಗ ಮಿಲಿಮೀಟರಿನಲ್ಲೇ ಕೇಳಿ.

ಮೊದಲ ಕೆಲಸಕ್ಕೆ ನಮ್ಮ ಆಯ್ಕೆ: ಮಧ್ಯಮ ದಪ್ಪದ ದಾರ, 5 ಮಿ.ಮೀ. ಬಿದಿರಿನ ಕಡ್ಡಿ, ತಿಳಿ ಬಣ್ಣ. ಸ್ಟೀಲ್ ಕಡ್ಡಿಯಲ್ಲಿ ಕುಣಿಕೆ ಜಾರುತ್ತದೆ, ಬಿದಿರು ಹಿಡಿದುಕೊಳ್ಳುತ್ತದೆ. ಕಪ್ಪು, ನೇವಿ ಬ್ಲೂ ಬೇಡ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಕುಣಿಕೆ ಕಾಣಿಸುವುದೇ ಇಲ್ಲ. ರೋಮ ಎದ್ದ ಮೊಹೇರ್ ಥರದ್ದು ಇನ್ನೂ ಬೇಡ, ತಪ್ಪಿದರೆ ಬಿಚ್ಚಲು ಬರುವುದಿಲ್ಲ. ಹುರಿ ಸಡಿಲವಿದ್ದರೆ ಕಡ್ಡಿಯ ತುದಿ ಅರ್ಧ ಎಳೆಯನ್ನಷ್ಟೇ ಎತ್ತಿಕೊಳ್ಳುತ್ತದೆ. ಕೊಳ್ಳುವ ಮುಂಚೆ ದಾರದ ತುದಿಯನ್ನು ಬೆರಳಲ್ಲಿ ಹೊಸಕಿ ನೋಡಿ, ಕೂಡಲೇ ಎಳೆ ಬಿಟ್ಟುಕೊಂಡರೆ ವಾಪಸ್ ಇಡಿ.

32 ಸ್ಟಿಚ್ (ಕುಣಿಕೆ) ಹಾಕಿ ಎಲ್ಲ ಸಾಲೂ ಹೆಣಿಗೆಯ ಮೂಲ ಸ್ಟಿಚ್ಚಾದ ನಿಟ್ ಮಾಡಿದರೆ ಸುಮಾರು 19 ಸೆಂ.ಮೀ. ಅಗಲದ ಮಫ್ಲರ್ ಆಗುತ್ತದೆ. ಒಂದೂವರೆ ಮೀಟರ್ ಉದ್ದಕ್ಕೆ 300 ಮೀಟರಿನಷ್ಟು, ಅಂದರೆ 150 ಗ್ರಾಂ ದಾರ ಬೇಕು. 200 ಗ್ರಾಂ ಕೊಳ್ಳಿ, ಎಲ್ಲ ಉಂಡೆಯ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ತಂಡದ ಗುರುತು) ಒಂದೇ ಇರಲಿ. ಆಮೇಲೆ ತಂದ ಉಂಡೆಯ ಬಣ್ಣ ಅಂಗಡಿಯಲ್ಲಿ ಒಂದೇ ಥರ ಕಂಡರೂ ಬಿಸಿಲಿಗೆ ಬಂದಾಗ ಪಟ್ಟೆ ಹೊಡೆಯುತ್ತದೆ.

ಬೇಗ ಮುಗಿಯಲಿ ಅಂತ ಚಂಕಿಗಿಂತಲೂ ದಪ್ಪದ ಸೂಪರ್ ಬಲ್ಕಿ ದಾರ ಕೇಳುವವರಿದ್ದಾರೆ. ಅದಕ್ಕೆ ಬೇಕಾದ 10 ಮಿ.ಮೀ. ಕಡ್ಡಿ ಹೊಸ ಕೈಗೆ ಸೌದೆ ಹಿಡಿದ ಹಾಗೆ, ಒಂದು ಕುಣಿಕೆ ಸಡಿಲವಾದರೂ ದೂರದಿಂದ ಕಾಣುತ್ತದೆ. ಮೇಲಾಗಿ ಬೆಂಗಳೂರಿನ ಜನವರಿಯಲ್ಲಿ ಬೆಳಗಿನ ಜಾವ 15 ಡಿಗ್ರಿ. ಅಷ್ಟು ದಪ್ಪದ್ದನ್ನು ಸುತ್ತಿಕೊಂಡರೆ ಒಂಬತ್ತು ಗಂಟೆಗೆ ಬೆವರು.

ಇನ್ನೊಂದು ತುದಿಯಲ್ಲಿರುವವರು ಪರದೇಶದಲ್ಲಿ ಹುಟ್ಟಲಿರುವ ಮೊಮ್ಮಗುವಿಗೆ ಸ್ವೆಟರ್ ಹೆಣೆಯಲೆಂದೇ ಕಲಿಯಲು ಬರುವ ಅಜ್ಜಿಯರು. ಅವರು ಕೇಳುವುದು ಬೇಬಿ ಉಲ್ಲನ್ ಅನ್ನುವ ತೆಳು ದಾರ. ತೆಳು ದಾರದಲ್ಲಿ 10 ಸೆಂ.ಮೀ. ಚೌಕಕ್ಕೆ 28 ಸ್ಟಿಚ್, 36 ಸಾಲು, ಒಟ್ಟು 1,008 ಕುಣಿಕೆ. ಮಧ್ಯಮದಲ್ಲಿ 18 ಸ್ಟಿಚ್, 24 ಸಾಲು, 432. ಮೊದಲ ಸ್ವೆಟರನ್ನು ಮೃದುವಾದ ಡಿಕೆಯಲ್ಲಿ, 4 ಮಿ.ಮೀ. ಕಡ್ಡಿಯಲ್ಲಿ ಮಾಡಿಸುತ್ತೇವೆ. ಕೂಸು ಬೆಳೆಯುವ ವೇಗಕ್ಕೆ ಅದೇ ಸರಿ. ಬೇಬಿ ಉಲ್ಲನ್ ಆಗಲೇ ತಂದಿದ್ದರೆ ಎರಡೆಳೆ ಜೋಡಿಸಿ ಹೆಣೆಯಬಹುದು, ಸುಮಾರು ಡಿಕೆಯಷ್ಟು ಬರುತ್ತದೆ. ಆದರೆ ಮೀಟರ್ ಲೆಕ್ಕ ಎರಡು ಪಟ್ಟು.

ಮಫ್ಲರಿನಲ್ಲಿ ಅಳತೆ ತಪ್ಪಿದರೆ ನಡೆಯುತ್ತದೆ, ಟೋಪಿಯಲ್ಲಿ ನಡೆಯುವುದಿಲ್ಲ. ಪ್ಯಾಟರ್ನಿನಲ್ಲಿ 10 ಸೆಂ.ಮೀ.ಗೆ 18 ಸ್ಟಿಚ್ ಅಂತ ಇದ್ದು, 88 ಹಾಕಿದರೆ ಸುತ್ತಳತೆ 49 ಸೆಂ.ಮೀ. 55 ಸೆಂ.ಮೀ. ತಲೆಗೆ ಹಿಗ್ಗಿ ಕೂರುತ್ತದೆ. ನಿಮ್ಮ ಕೈಯಲ್ಲಿ 16 ಬಂದರೆ ಅದೇ 88 ಸ್ಟಿಚ್‌ಗೆ 55 ಸೆಂ.ಮೀ., ಟೋಪಿ ಹುಬ್ಬಿನ ಮೇಲೆ ಇಳಿಯುತ್ತದೆ. ಇಂಚಿಗೆ ಅರ್ಧ ಸ್ಟಿಚ್ ವ್ಯತ್ಯಾಸ, ಅಷ್ಟೇ. ಅದಕ್ಕೇ ಮೊದಲು 24 ಸ್ಟಿಚ್ ಹಾಕಿ 12 ಸೆಂ.ಮೀ. ಹೆಣೆದು, ಒಗೆದು, ನೆರಳಲ್ಲಿ ಮಟ್ಟಸವಾಗಿ ಹಾಸಿ ಒಣಗಿಸಿ, ಅಂಚು ಬಿಟ್ಟು ನಡುವಿನ 10 ಸೆಂ.ಮೀ. ಎಣಿಸಿ. ಕಡಿಮೆ ಬಂದರೆ ಅರ್ಧ ಮಿ.ಮೀ. ಸಣ್ಣ ಕಡ್ಡಿ, ಜಾಸ್ತಿ ಬಂದರೆ ಅರ್ಧ ಮಿ.ಮೀ. ದಪ್ಪದ್ದು. ದಾರ ಬದಲಿಸುವ ಯೋಚನೆ ಅದಾದ ಮೇಲೆ.