‘ಇದನ್ನು ಎಲ್ಲಿ ಓದಿದೆಯಮ್ಮ?’

ಪದವಿ ತರಗತಿಯಲ್ಲಿ ಸಂವಹನ ಕೌಶಲವೆಂಬ ಪತ್ರಿಕೆಯೂ ಇದೆಯೆಂದು ತಿಳಿದಾಗ ನಮ್ಮಲ್ಲಿ ಬಹಳ ಮಂದಿ ಅದನ್ನು ಸುಲಭವಾಗಿ ಅಂಕ ಗಳಿಸುವ ದಾರಿಯೆಂದೇ ಎಣಿಸಿದ್ದರು. ಮಾತನಾಡುವುದನ್ನೂ ಯಾರಾದರೂ ಕಲಿಸಬೇಕೆ ಎಂಬ ಆ ಉಡಾಫೆ ಮೊದಲ ಗುಂಪು ಚರ್ಚೆಯಲ್ಲೇ ಇಳಿಯಿತು. ಹಿಂದೆ ಮಾತನಾಡಿದವರ ಅಭಿಪ್ರಾಯವನ್ನು ಮೊದಲು ನಮ್ಮ ಮಾತಿನಲ್ಲಿ ಹೇಳಬೇಕು, ಅವರು ‘ಹೌದು, ನಾನು ಹೇಳಿದ್ದು ಇದನ್ನೇ’ ಎಂದು ಒಪ್ಪಿದ ಮೇಲಷ್ಟೇ ನಮ್ಮ ವಾದವನ್ನು ಮುಂದಿಡಬೇಕು ಎಂಬುದು ಅಧ್ಯಾಪಕರು ಹಾಕಿದ್ದ ನಿಯಮ. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1950ರ ದಶಕದಲ್ಲೇ ಸೂಚಿಸಿದ್ದ ಕ್ರಮವಿದು ಎಂದು ಅವರೇ ಆಮೇಲೆ ತಿಳಿಸಿದರು. ಇದರಿಂದ ಚರ್ಚೆ ಕುಂಟುತ್ತ ಸಾಗುತ್ತಿತ್ತು, ನಿಜ. ಆದರೆ ಎದುರಿನವರು ಮಾತು ಮುಗಿಸುವ ಮುನ್ನವೇ ಉತ್ತರ ಹೊಂದಿಸಿಕೊಳ್ಳುವ ಚಾಳಿಗೆ ಇದಕ್ಕಿಂತ ಒಳ್ಳೆಯ ಮದ್ದನ್ನು ನಾನು ಈವರೆಗೆ ಕಂಡಿಲ್ಲ.

ಚರ್ಚೆಗೆ ಕೂರುವ ಮುನ್ನ ಪ್ರತಿಯೊಬ್ಬರೂ ತಮ್ಮ ನಿಲುವನ್ನು ಚೀಟಿಯಲ್ಲಿ ಬರೆದಿಡಬೇಕಿತ್ತು. ಅದಕ್ಕೆ ಕಾರಣವಿತ್ತು: 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಸಾಲಮನ್ ಆಶ್ ನಡೆಸಿದ ಪ್ರಯೋಗಗಳಲ್ಲಿ, ಗೆರೆಗಳ ಉದ್ದವನ್ನು ಹೋಲಿಸುವಂಥ ಸುಲಭದ ಕೆಲಸದಲ್ಲೂ, ಉಳಿದವರೆಲ್ಲ ಬೇಕೆಂದೇ ತಪ್ಪು ಉತ್ತರ ಕೊಟ್ಟಾಗ ಸುಮಾರು ಮೂರರಲ್ಲೊಂದು ಉತ್ತರ ಗುಂಪಿನ ತಪ್ಪನ್ನೇ ಅನುಸರಿಸಿತ್ತು. ಚೀಟಿಯ ದೆಸೆಯಿಂದ ನಮ್ಮಲ್ಲಿ ಮೆಲುದನಿಯವರ ಅಭಿಪ್ರಾಯವೂ ಮೇಜಿನ ಮೇಲೆ ಉಳಿಯುತ್ತಿತ್ತು.

ಆದರೂ ಆ ತರಗತಿಯೆಂದರೆ ನನಗೆ ಮೊದಲು ನೆನಪಾಗುವುದು ಒಂದು ಅಂಕಿಯ ಬೆನ್ನು ಹತ್ತಿ ಹೋದದ್ದು. ಸಂವಹನದಲ್ಲಿ ಪದಗಳ ಪಾಲು ಶೇ. 7 ಮಾತ್ರ, ದನಿಯದು ಶೇ. 38, ಉಳಿದ ಶೇ. 55 ಮುಖಭಾವದ್ದು ಎಂದು ಸಹಪಾಠಿಯೊಬ್ಬಳು ಚರ್ಚೆಯ ನಡುವೆ ಖಚಿತವಾಗಿ ಹೇಳಿದಾಗ ಎಲ್ಲರೂ ತಲೆದೂಗಿದರು. ಅಧ್ಯಾಪಕರು ಮಾತ್ರ ‘ಇದನ್ನು ಎಲ್ಲಿ ಓದಿದೆಯಮ್ಮ?’ ಎಂದು ಕೇಳಿದರು. ಆ ದನಿಯಲ್ಲಿ ಸವಾಲು ಇರಲಿಲ್ಲ, ತಿಳಿಯುವ ಕುತೂಹಲವಷ್ಟೇ ಇತ್ತು. ಹಾಗೆ ಕೇಳುವುದೂ ಒಂದು ಸಂವಹನ ಕೌಶಲವೇ ಎಂಬುದು ಪಠ್ಯದಲ್ಲಿರಲಿಲ್ಲ. ಕೈಪಿಡಿಯೊಂದರಲ್ಲಿ ಓದಿದ್ದೆಂದು ಅವಳೆಂದಳು. ಕೈಪಿಡಿಗೆ ಅದು ಎಲ್ಲಿಂದ ಬಂತೆಂದು ಹುಡುಕುವುದು ಇಡೀ ಗುಂಪಿನ ಕೆಲಸವಾಯಿತು.

ಗ್ರಂಥಾಲಯದಲ್ಲಿ ಒಂದು ಪುಸ್ತಕ ಇನ್ನೊಂದರತ್ತ ಕೈತೋರಿಸುತ್ತಿತ್ತು. ಕೆಲವಂತೂ ‘ಸಂಶೋಧನೆಗಳು ಹೇಳುತ್ತವೆ’ ಎಂದಷ್ಟೇ ಬರೆದು ಕೈತೊಳೆದುಕೊಂಡಿದ್ದವು. (ಈ ಒಕ್ಕಣೆ ಕಂಡಲ್ಲೆಲ್ಲ ನನಗೆ ಇಂದಿಗೂ ಗುಮಾನಿ.) ಗ್ರಂಥಪಾಲಕರ ನೆರವಿನಿಂದ ಕೊನೆಗೆ ತಲುಪಿದ್ದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ ಮತ್ತು ಸಂಗಡಿಗರು 1967ರಲ್ಲಿ ಪ್ರಕಟಿಸಿದ ಎರಡು ಪ್ರಬಂಧಗಳನ್ನು. ಅವರು ಪರೀಕ್ಷಿಸಿದ್ದು ಉಪನ್ಯಾಸವನ್ನಲ್ಲ, ಸಂಭಾಷಣೆಯನ್ನೂ ಅಲ್ಲ. ಬಿಡಿ ಪದಗಳನ್ನು ಬೇರೆ ಬೇರೆ ದನಿಗಳಲ್ಲಿ ಕೇಳಿಸಿ, ಒಂದು ಪ್ರಯೋಗದಲ್ಲಿ ಮುಖದ ಛಾಯಾಚಿತ್ರಗಳನ್ನೂ ತೋರಿಸಿ, ಹೇಳಿದವರ ಮನಸ್ಸಿನಲ್ಲಿ ಒಲವಿದೆಯೋ ಇಲ್ಲವೋ ಎಂಬುದನ್ನು ಕೇಳಿದವರು ಹೇಗೆ ಊಹಿಸುತ್ತಾರೆಂದು ನೋಡಿದ್ದರು. ಆ ಎರಡರ ಫಲಿತಾಂಶಗಳನ್ನು ಕೂಡಿಸಿ ಕಟ್ಟಿದ ಸೂತ್ರವೇ ಮೂರು ಅಂಕಿಗಳಾಗಿ ಕೈಪಿಡಿಗಳಿಗೆ ಇಳಿದಿತ್ತು. ಭಾವನೆ ಮತ್ತು ಒಲವಿನ ಮಾತುಗಳಿಗಲ್ಲದೆ ಬೇರೆ ಕಡೆಗೆ ಇದು ಸಲ್ಲದೆಂದು ಮೆಹ್ರೇಬಿಯನ್ ಅವರೇ ಸ್ಪಷ್ಟಪಡಿಸಿದ್ದರೂ ಆ ಷರತ್ತು ಮಾತ್ರ ಅಂಕಿಗಳ ಜೊತೆ ಬಂದಿರಲಿಲ್ಲ.

ಮೂಲ ಪ್ರಬಂಧ ಸಿಕ್ಕಿತೆಂದು ನಾವು ಬೀಗುತ್ತಿದ್ದಾಗ ಗ್ರಂಥಪಾಲಕರು ಇನ್ನೊಂದನ್ನು ತೋರಿಸಿದರು. ಕೇವಲ 12 ಮಕ್ಕಳ ವಿವರಗಳನ್ನಿಟ್ಟುಕೊಂಡು, ದಡಾರ, ಮಂಗನಬಾವು, ರುಬೆಲ್ಲಾ ತಡೆಯಲು ಕೊಡುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಭೀತಿ ಹಬ್ಬಿಸಿದ ಆ ಪ್ರಬಂಧ 1998ರಲ್ಲಿ ‘ದಿ ಲ್ಯಾನ್ಸೆಟ್’ ಎಂಬ ಹೆಸರಾಂತ ನಿಯತಕಾಲಿಕದಲ್ಲೇ ಪ್ರಕಟವಾಗಿ, 2010ರಲ್ಲಿ ಹಿಂಪಡೆಯಲ್ಪಟ್ಟಿತ್ತು. ಪ್ರಕಟವಾದ ಮೇಲೆ ಅದಕ್ಕೇನಾಯಿತೆಂದು ನೋಡಬೇಕೆಂಬುದು ಅದುವರೆಗೆ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಮುಂದಿನ ಚರ್ಚೆಯಲ್ಲಿ ವರದಿ ಓದಿದ್ದು ಅದೇ ಸಹಪಾಠಿ. ಪದವೊಂದು, ದನಿಯೊಂದು ಹೇಳಿದಾಗ ಹೇಳಿದವರ ಒಲವನ್ನು ಅಳೆಯಲು ಕೇಳುಗರು ದನಿಯನ್ನೇ ಹೆಚ್ಚು ನಂಬುತ್ತಾರೆ ಎಂಬಷ್ಟಕ್ಕೆ ತನ್ನ ಮಾತನ್ನು ಅವಳು ಕುಗ್ಗಿಸಿಕೊಂಡಿದ್ದಳು; ಆ ಸಣ್ಣ ಮಾತಿನ ಮೇಲೆ ನಡೆದ ಚರ್ಚೆ ಹಿಂದಿನದಕ್ಕಿಂತ ಬಿರುಸಾಗಿತ್ತು. ಆಮೇಲಿನ ಚರ್ಚೆಗಳಲ್ಲಿ ಅಂಕಿ ಹೇಳುವವರು ಅದರ ಮೂಲವನ್ನೂ ವರ್ಷವನ್ನೂ ಜೊತೆಗೇ ಹೇಳತೊಡಗಿದರು. ಹೇಳಲಾಗದವರು ಅಂಕಿಯನ್ನು ಬಿಟ್ಟು ‘ನನ್ನ ಅಭಿಪ್ರಾಯದಲ್ಲಿ’ ಎಂದು ಆರಂಭಿಸುತ್ತಿದ್ದರು. ಅದಕ್ಕೆ ಅಧ್ಯಾಪಕರ ತಕರಾರೇನೂ ಇರಲಿಲ್ಲ.